ಕುಸುಬಿ ಎಣ್ಣೆ ಮತ್ತು ಮುತ್ಯಾನ ಬಂದೂಕು

ಆಗ ಕಮಲಾಪುರದ ನಮ್ಮ ಮನೆಯಲ್ಲಿ ರಾತ್ರಿಯ ಅಡುಗೆ ಶುರುವಾಗುತ್ತಿದ್ದುದು ಬಂದೂಕಿನ ಸದ್ದಿನಿಂದ. ದೀಪ ಹಚ್ಚುವ ಹೊತ್ತಿಗೆ ಬಾಳೆತೋಟದ ಕಡೆಯಿಂದ ಒಂದು ಸದ್ದು ಬರುತ್ತಿತ್ತು, ಅದರ ಬೆನ್ನಿಗೇ ಇನ್ನೊಂದು. ಎರಡನೆಯದು ಕಿವಿಗೆ ಬಿದ್ದ ಮೇಲೆ ಆಯಿ ಹಂಚನ್ನು ಒಲೆಯ ಮೇಲಿಟ್ಟು ಜೋಳದ ಹಿಟ್ಟಿಗೆ ಬಿಸಿನೀರು ಹಾಕುತ್ತಿದ್ದಳು. ಮುತ್ಯಾ ತೋಟದಿಂದ ಮನೆ ಮುಟ್ಟುವಷ್ಟರಲ್ಲಿ ಮೊದಲ ರೊಟ್ಟಿ ಉಬ್ಬಿರುತ್ತಿತ್ತು. ಅವನು ಉಂಡ ಮೇಲೆ ಸಿದ್ದು ಕಾಕಾ ಕಂದೀಲು, ಬಡಿಯಲು ಖಾಲಿ ಡಬ್ಬಿ, ಕೋಲು ಹಿಡಿದು ತೋಟಕ್ಕೆ ಮಲಗಲು ಹೋಗುತ್ತಿದ್ದ.

ಮುತ್ಯಾ, ಆಯಿ ಎಂದರೆ ನನ್ನ ಅಪ್ಪನ ತಂದೆ, ತಾಯಿ. ಸಿದ್ದು ಕಾಕಾ ಅಪ್ಪನ ತಮ್ಮ. ನಾವಿದ್ದದ್ದು ಕಲಬುರಗಿಯ ಜೇವರ್ಗಿ ಕಾಲೋನಿಯಲ್ಲಿ. ಅಲ್ಲಿ ಅಪ್ಪನಿಗೆ ಕಚೇರಿ, ನನಗೆ ಶಾಲೆ, ಟ್ಯೂಷನ್. ದಸರೆಯ ರಜೆ ಬಿಟ್ಟ ಮರುದಿನವೇ ನನ್ನನ್ನು ಕಮಲಾಪುರದ ಬಸ್ಸು ಹತ್ತಿಸುತ್ತಿದ್ದರು. ಆ ರಜೆಗೆ ಹಣ್ಣಾದ ಕೆಂಪು ಬಾಳೆಯ ವಾಸನೆಯಿತ್ತು. ಕತ್ತಲೆಕೋಣೆಯಲ್ಲಿ ಹುಲ್ಲು ಮುಚ್ಚಿ ಇಟ್ಟ ಗೊನೆಗಳ ವಾಸನೆ ಅಂಗಳದವರೆಗೆ ಬರುತ್ತಿತ್ತು. ಓಣಿಯ ಹುಡುಗರು ಬಾಳೆಎಲೆಯ ದಂಟಿಗೆ ಸಾಲಾಗಿ ಕಚ್ಚು ಹಾಕಿ, ಸೀಳಿದ ತುಂಡುಗಳನ್ನು ಎಬ್ಬಿಸಿ ನಿಲ್ಲಿಸಿ, ಮೇಲೆ ಸರ್ರನೆ ಕೈ ಎಳೆಯುತ್ತಿದ್ದರು. ಪಟಪಟ ಸದ್ದಾಗುತ್ತಿತ್ತು. ಅದೇ ನಮ್ಮ ಬಂದೂಕು. ಅದರಿಂದ ಸತ್ತವರು ತಕ್ಷಣ ಎದ್ದು, ಮುಂದಿನ ಸರದಿ ತಮ್ಮದೆಂದು ಜಗಳ ತೆಗೆಯುತ್ತಿದ್ದರು.

ಮುತ್ಯಾನದು ನಿಜವಾದ ಬಂದೂಕು. ಬೆಳೆ ಕಾಯಲೆಂದು ಸರಕಾರ ಕೊಟ್ಟ ಲೈಸೆನ್ಸು ಅವನ ಹೆಸರಿನಲ್ಲಿತ್ತು. ಒಬ್ಬ ನಿವೃತ್ತ ಫೌಜಿ ಅಧಿಕಾರಿಯಿಂದ ಕೊಂಡದ್ದು. ಒಂದು ತೋಟಾ ಹಾರಿದ ಕೂಡಲೆ ಖಾಲಿ ಕೊಳವೆಯನ್ನು ತಾನೇ ಹೊರಗೆಸೆದು, ಮುಂದಿನದನ್ನು ತಾನೇ ತುಂಬಿಕೊಳ್ಳುತ್ತಿತ್ತು. ಅದಕ್ಕಾಗಿಯೇ ಮುತ್ಯಾ ಅದನ್ನು ಆರಿಸಿಕೊಂಡಿದ್ದ.

"ಹಂದಿ ಶಾಣ್ಯಾ ಇರ್ತದ ಮಗಾ," ಎಂದು ಅವನು ನನಗೆ ಹೇಳಿದ್ದ. "ಒಂದು ಸಪ್ಪಳಕ್ಕ ನಿಂತು ಕೇಳ್ತದ. ಎರಡನೇದಕ್ಕ ಓಡ್ತದ. ನಡುವ ಪುರಸೊತ್ತು ಕೊಟ್ಟೀವಂದ್ರ, 'ಈ ಮುದುಕ ಒಬ್ಬನೇ ಅದಾನ' ಅಂತ ತಿಳಕೊಂಡು ಬಾಳಿ ಬುಡಕ್ಕ ಬಾಯಿ ಹಾಕ್ತದ."

ಅವನು ಯಾವ ಪ್ರಾಣಿಗೂ ಗುರಿ ಇಟ್ಟವನಲ್ಲ. ಗುಡ್ಡದ ಕಡೆ ಮುಖ ಮಾಡಿ ಆಕಾಶಕ್ಕೆ ಹೊಡೆಯುತ್ತಿದ್ದ.

ಆಯಿಗೆ ಆ ಬಂದೂಕು ಕಂಡರೆ ಆಗುತ್ತಿರಲಿಲ್ಲ. ಅದರ ಹೆಸರು ಕೂಡ ಎತ್ತುತ್ತಿರಲಿಲ್ಲ. "ಅದನ್ನ ಒಳಗಿಟ್ರೇನು?" "ಅದರ ಬಾಯಿ ಗ್ವಾಡಿ ಕಡಿ ಮಾಡ್ರಿ." ಹೀಗೇ ಅವಳ ಮಾತು. ಆದರೆ ವರ್ಷಕ್ಕೊಮ್ಮೆ, ಮಹಾನವಮಿಯ ದಿನ ಖಂಡೇ ಪೂಜೆಯಲ್ಲಿ, ಅವಳೇ ಅದರ ಮುಂದೆ ಕುಳಿತುಕೊಳ್ಳುತ್ತಿದ್ದಳು.

ನಮ್ಮ ಕಡೆ ಆ ದಿನ ಮನೆಯಲ್ಲಿರುವ ಕಬ್ಬಿಣವನ್ನೆಲ್ಲ ತೊಳೆದು, ಬಿಚ್ಚುವಂಥದ್ದನ್ನು ಬಿಚ್ಚಿ, ಎಣ್ಣೆ ಹಚ್ಚಿ ಪೂಜೆಗಿಡುತ್ತಾರೆ. ಕುಡುಗೋಲು, ಕೊಡಲಿ, ಕುಂಟೆಯ ತಾಳು, ಈಳಿಗೆ, ನೀರಿನ ಪಂಪಿನ ನಟ್ಟು ಬೋಲ್ಟು. ಎಣ್ಣೆಯೆಂದರೆ ಮನೆಯ ಕುಸುಬಿ ಎಣ್ಣೆ, ಗಾಣದಿಂದ ತಂದದ್ದು. ಪಲ್ಯಕ್ಕೂ ಅದೇ, ದೇವರ ದೀಪಕ್ಕೂ ಅದೇ, ನನ್ನ ತಲೆಗೂ ಅದೇ. ಮುತ್ಯಾ ಬಂದೂಕಿನ ಮುಂಭಾಗದ ಕಟ್ಟಿಗೆಯನ್ನು ಕಳಚಿ, ಒಳಗಿನ ಸಾಮಾನನ್ನು ಬಿಳಿ ಬಟ್ಟೆಯ ಮೇಲೆ ಸಾಲಾಗಿ ಇಡುತ್ತಿದ್ದ. ಆಯಿ ಒಂದೊಂದನ್ನೇ ಎತ್ತಿ, ಕೂಸಿಗೆ ಎಣ್ಣೆ ಒತ್ತಿದ ಹಾಗೆ ಬೆರಳಿನಿಂದ ಸವರುತ್ತಿದ್ದಳು. ಆಮೇಲೆ ವಿಭೂತಿ, ಕುಂಕುಮ, ಚೆಂಡುಹೂವು.

"ಯಾರ ಮೈಮ್ಯಾಲೂ ಬೀಳಬ್ಯಾಡಪ್ಪಾ," ಎಂದು ಅದಕ್ಕೆ ಹೇಳುತ್ತಿದ್ದಳು. "ಹಿಡಕೊಂಡವರನ್ನೂ ಕಾಯಿ, ಮುಂದ ಬಂದವರನ್ನೂ ಕಾಯಿ."

ಮುತ್ಯಾ ಹಿಂದೆ ನಿಂತು ಕೈ ಮುಗಿದಿರುತ್ತಿದ್ದ.

ನಾನು ಹೇಳಹೊರಟಿರುವ ವರ್ಷದ ಪೂಜೆಯೂ ಹೀಗೇ ನಡೆಯಿತು. ಮರುದಿನ ಬನ್ನಿ ಹಂಚಿ, ಹೋಳಿಗೆ ಉಂಡೆವು. ಅದಾದ ಮೇಲೆ ಒಂದು ಸಂಜೆ ತೋಟದಿಂದ ಒಂದೇ ಸದ್ದು ಬಂತು.

ಆಯಿ ಹಂಚು ಹಿಡಿದುಕೊಂಡು ನಿಂತಳು. ನಾನು ಬಾಳೆದಂಟಿನ ಬಂದೂಕನ್ನು ಕೆಳಗಿಟ್ಟೆ. ಎಷ್ಟು ಹೊತ್ತಾದರೂ ಎರಡನೆಯದಿಲ್ಲ. ಆಯಿ ಹಂಚನ್ನು ಗೋಡೆಗೆ ಒರಗಿಸಿ ಬಾಗಿಲಿಗೆ ಹೋದಳು, ಅಲ್ಲಿಂದ ಅಂಗಳಕ್ಕೆ, ಅಂಗಳದಿಂದ ಓಣಿಯ ತಿರುವಿಗೆ. ಮುತ್ಯಾ ಕತ್ತಲಲ್ಲಿ ನಡೆದು ಬರುವುದು ಕಂಡ ಮೇಲೆ ಹಿಂದಿರುಗಿ ಬಂದು ಒಲೆ ಊದಿದಳು. ಅಂದಿನ ರೊಟ್ಟಿಗಳೆಲ್ಲ ಒಂದು ಬದಿ ಸೀದಿದ್ದವು.

"ಖಾಲಿ ಕೊಳವಿ ಬಾಯಾಗ ಸಿಕ್ಕೊಂಡದ," ಎಂದು ಮುತ್ಯಾ ಬಂದೂಕನ್ನು ತೋರಿಸಿದ. ಅರ್ಧ ಹೊರಗೆ, ಅರ್ಧ ಒಳಗೆ ಕಚ್ಚಿಕೊಂಡಿತ್ತು.

ಮರುದಿನವೂ ಹಾಗೇ ಆಯಿತು. ಅದರ ಮರುದಿನವೂ. ಹಂದಿಗಳಿಗೆ ಸಂಗತಿ ತಿಳಿಯಿತು. ಬೆಳಗ್ಗೆ ಹೋಗಿ ನೋಡಿದರೆ ತೋಟದ ಅಂಚಿನ ಸಾಲಿನಲ್ಲಿ ಬಾಳೆಗಿಡಗಳು ಬುಡಮೇಲಾಗಿ ಬಿದ್ದಿರುತ್ತಿದ್ದವು. ಗಡ್ಡೆಯನ್ನು ಕೆದರಿ ತಿಂದು, ಕೆಂಪು ಕಾಯಿಗಳನ್ನು ಮಣ್ಣಿನಲ್ಲಿ ತುಳಿದು ಹೋಗಿದ್ದವು.

"ಅಪ್ಪಾ, ಬಂದೂಕ ಹಳೇದಾಗಿಲ್ಲ, ಭುಜ ಹಳೇದಾಗ್ಯದ," ಎಂದ ಸಿದ್ದು ಕಾಕಾ, ಊಟಕ್ಕೆ ಕುಳಿತಾಗ. "ಬಿಗಿ ಹಿಡದ್ರ ಅದು ತನ್ನ ಕೆಲಸ ಮಾಡ್ತದ. ಸಡಿಲ ಬಿಟ್ರ ಹಿಂಗೇ ಸಿಗಬೀಳ್ತದ. ಬಲ್ಲವರು ಹೇಳ್ಯಾರ."

"ಯಾರವ ಬಲ್ಲವ?"

"ಯಾರರ ಇರ್ಲಿ ಬಿಡು. ತಾ, ನಾ ಒಂದು ಸಲ ಹೊಡೆದು ತೋರಸ್ತೀನಿ."

"ಲೈಸೆನ್ಸ್ ನನ್ನ ಹೆಸರಿಲೆ ಅದ. ನೀ ಮುಟ್ಟಬ್ಯಾಡ."

"ಮತ್ತ ನನ್ನ ಹೆಸರಿಗಿ ಮಾಡಸು. ದೀಪಾವಳಿ ಆದಮ್ಯಾಲೆ ಅರ್ಜಿ ಕೊಡಮು. ನೀ ಸಂಜೀಕ ಕಟ್ಟಿಮ್ಯಾಲ ಕೂಡು, ಹತ್ತು ಮಂದಿ ಹಿರೇರು ಕೂಡ್ತಾರ. ಬ್ಯಾಸರಾಗಲ್ಲ."

ಕಾಕಾ ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ತೋಟ ಹಾಳಾಗುತ್ತಿತ್ತು, ರಾತ್ರಿಯ ನಿದ್ದೆ ಅವನದೂ ಕೆಟ್ಟಿತ್ತು. ಆದರೆ ಮುತ್ಯಾ ತಟ್ಟೆಯಲ್ಲಿದ್ದ ಶೇಂಗಾ ಚಟ್ನಿಪುಡಿಯನ್ನು ಮುಟ್ಟದೆ ಎದ್ದ. ಮರುದಿನ ಮಧ್ಯಾಹ್ನ ನಾನು ಕರುವಿಗೆ ಬಾಳೆಸಿಪ್ಪೆ ಹಾಕಲು ದನದ ಕೊಟ್ಟಿಗೆಗೆ ಹೋದಾಗ ಅವನು ಅಲ್ಲಿ ಒಬ್ಬನೇ ಇದ್ದ. ಆಯಿಯ ಒನಕೆಯನ್ನು ಭುಜಕ್ಕೆ ಒತ್ತಿ ಹಿಡಿದು, ಗೋಡೆಯ ಕಡೆ ಗುರಿ ಮಾಡಿ ನಿಂತಿದ್ದ. ತೋಳು ನಡುಗುತ್ತದೆಯೇ ಎಂದು ನೋಡಿಕೊಳ್ಳುತ್ತಿದ್ದ. ನನ್ನನ್ನು ಕಂಡು ಒನಕೆ ಇಳಿಸಿದ.

"ನಡಗ್ತೇನು?" ಎಂದು ಕೇಳಿದ.

"ಇಲ್ಲ ಮುತ್ಯಾ."

"ಖರೇ ಹೇಳು."

"ಒನಕಿ ಭಾಳ ವಜ್ಜಿ ಅದಲ್ಲ," ಎಂದೆ.

ಅವನು ನಕ್ಕ. ಆದರೆ ನಂಬಲಿಲ್ಲ.

ನನ್ನ ರಜೆ ಮುಗಿಯುತ್ತ ಬಂದಿತ್ತು. ನನ್ನನ್ನು ಬಿಡಲು ಕಲಬುರಗಿಗೆ ಹೇಗೂ ಹೋಗಬೇಕಾಗಿದ್ದುದರಿಂದ ಮುತ್ಯಾ ಬಂದೂಕನ್ನೂ ಜೊತೆಗೆ ತೆಗೆದುಕೊಂಡ. ಚೀಲದಲ್ಲಿ ಹಾಕಿ, ಮೇಲೆ ಆಯಿಯ ಹಳೆ ಕೌದಿ ಸುತ್ತಿ, ಲೈಸೆನ್ಸನ್ನು ಅಂಗಿಯ ಒಳಜೇಬಿನಲ್ಲಿಟ್ಟುಕೊಂಡು ಬಸ್ಸು ಹತ್ತಿದೆವು.

"ಏನ್ ಮುತ್ಯಾ, ತಂಬೂರಿ ಏನು? ಭಜನೀಗಿ ಹೊಂಟೀರೇನ್ರಿ?" ಎಂದ ಕಂಡಕ್ಟರ್.

"ಹೂಂನಪ್ಪಾ. ತಂತಿ ಸಡಿಲಾಗ್ಯಾವ," ಎಂದ ಮುತ್ಯಾ.

ಕಲಬುರಗಿಯ ಮೋಮಿನಪುರದಲ್ಲಿ ಬಂದೂಕು ರಿಪೇರಿಗೆ ಲೈಸೆನ್ಸ್ ಇದ್ದ ಒಂದು ಅಂಗಡಿ ಇತ್ತು. ನಡೆಸುತ್ತಿದ್ದವರನ್ನು ಎಲ್ಲರೂ ಉಸ್ತಾದ್ ಎನ್ನುತ್ತಿದ್ದರು. ಗಟ್ಟಿ ದನಿಯವರು, ತಮ್ಮ ಕೈಗುಣದ ಬಗ್ಗೆ ಬಹಳ ಅಭಿಮಾನವಿದ್ದವರು. ಪಕ್ಕದ ಹೋಟೆಲಿನಿಂದ ಸುಡು ಚಹಾ, ನನಗೆ ಖಾರಿ ಬಿಸ್ಕೀಟು ತರಿಸಿದರು. ಬಂದೂಕನ್ನು ನೋಡುವ ಮೊದಲೇ ತೀರ್ಪು ಕೊಟ್ಟರು.

"ಕಾರ್ತೂಸ್ ಖರಾಬ್ ಅವ. ಬರೇ ಕಾರ್ತೂಸ್."

ಮುತ್ಯಾ ಹೊಸ ತೋಟಾಗಳನ್ನು ತೋರಿಸಿದ. ಹಾಗಾದರೆ ಸ್ಪ್ರಿಂಗ್ ಎಂದರು. ಸ್ಪ್ರಿಂಗ್ ತೆಗೆದು ನೋಡಿದರು. ಅದು ಸರಿಯಾಗಿತ್ತು. ಆಮೇಲೆ ಮುತ್ಯಾ ತಾನೇ ಕೇಳಿದ, ದನಿ ತಗ್ಗಿಸಿ:

"ಉಸ್ತಾದ್, ಭುಜ ಸಡಿಲಿದ್ರ ಹಿಂಗ ಆಗ್ತದೇನ್ರಿ? ಖರೇ ಹೇಳ್ರಿ. ನಾ ಏನೂ ಅನ್ಕೊಳ್ಳಲ್ಲ."

ಉಸ್ತಾದರು ನಳಿಗೆಯ ಕೆಳಗಿನ ಕಟ್ಟಿಗೆಯನ್ನು ಕಳಚಿದರು. ಒಳಗಿನ, ತೋಟಾ ತುಂಬುವ ಉಕ್ಕಿನ ಕೊಳವೆಯ ಮೇಲೆ ಬೆರಳಾಡಿಸಿದರು. ಬೆರಳು ಅಂಟಿತು. ಮೂಗಿನ ಹತ್ತಿರ ಹಿಡಿದರು. ಮತ್ತೊಮ್ಮೆ ಮೂಸಿದರು.

"ಯಾ ಅಲ್ಲಾ! ಪಾಟೀಲ್ರೇ, ಇದರಾಗ ಭಜಿ ಕರದೀರೇನ್ರಿ?"

ಕೊಳವೆಯ ಮೇಲೆ ಕಂದುಬಣ್ಣದ ಪದರು ಕಟ್ಟಿತ್ತು. ಬಹಳ ದಿನ ತಿಕ್ಕದ ಬಾಣಲೆಯ ತಳದಲ್ಲಿ ಕಟ್ಟುತ್ತದಲ್ಲ, ಅಂಥದ್ದು. ಅದರ ನಡುವೆ ಒಂದು ಕಪ್ಪು ರಬ್ಬರ್ ಉಂಗುರವಿತ್ತು. ಉಸ್ತಾದರು ಚಿಮಟದಿಂದ ಮೆಲ್ಲನೆ ಎತ್ತಿದರು. ಒಂದು ಕಡೆ ಉಬ್ಬಿ, ಇನ್ನೊಂದು ಕಡೆ ಸವೆದು ಚಪ್ಪಟೆಯಾಗಿದ್ದ ಅದು ಕೈಯಲ್ಲೇ ತುಂಡಾಯಿತು.

"ನೋಡಮ್ಮಾ ಬೇಟಿ," ಎಂದು ನನ್ನ ಕಡೆ ತಿರುಗಿದರು. "ಮನ್ಯಾಗ ಕುಕ್ಕರ್ ಅದಲ್ಲ? ಅದರ ರಬ್ಬರ್ ಹೋದ್ರ ಸೀಟಿ ಹೊಡೀತದೇನು?"

"ಇಲ್ಲ. ಬಾಜೂದಿಂದ ಹೊಗಿ ಹೋಗ್ತದ."

"ಬಸ್. ಇದೂ ಅದೇ. ಒಂದು ಹಾರಿದಾಗ ಹುಟ್ಟೋ ಹೊಗೀನೇ ಇದನ್ನ ಹಿಂದಕ್ಕ ದಬ್ಬಬೇಕು, ಖಾಲೀದನ್ನ ಹೊರಗ ಒಗೀಬೇಕು. ಉಂಗುರ ಸವೆದದ, ಹೊಗಿ ಸೋರ್ತದ, ದಬ್ಬಾಕ ತಾಕತ್ತಿಲ್ಲ. ಭುಜದ ಮಾತು ಎಲ್ಲಿಂದ ಬಂತು? ಪಾಟೀಲ್ರೇ, ನೀವು ಇದನ್ನ ಗ್ವಾಡಿಗೆ ಕಟ್ಟಿ ಹೊಡೆದ್ರೂ ಇದು ಸಿಗಬೀಳ್ತದ."

ಮುತ್ಯಾ ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ಬೆಂಚಿನ ಮೇಲೆ ನೆಟ್ಟಗೆ ಕುಳಿತ. ಆರಿದ್ದ ಚಹಾವನ್ನು ಒಂದೇ ಗುಟುಕಿಗೆ ಕುಡಿದ.

"ಖರೆ, ಈ ಎಣ್ಣಿ ಯಾರು ಹಾಕ್ಯಾರ?" ಎಂದರು ಉಸ್ತಾದರು. "ಅಡಗಿ ಎಣ್ಣಿ ಕಾಯ್ದ್ರ ಅಂಟಾಗ್ತದ, ರಬ್ಬರ್ ತಿಂತದ. ಹೊಸಾದು ಹಾಕಿದ್ರೂ ಇದೇ ಗತಿ. ಯಾರು ಹಾಕಿದ್ದು?"

"ನಮ್ಮ ಆಯಿ ಖಂಡೇ..." ಎಂದು ನಾನು ಬಾಯಿ ತೆರೆದೆ. ಮುತ್ಯಾನ ಅಂಗೈ ನನ್ನ ನೆತ್ತಿಯ ಮೇಲೆ ಬಂತು. ಒತ್ತಲಿಲ್ಲ. ಸುಮ್ಮನೆ ಇಟ್ಟ.

"ನಾನೇ ಹಾಕೀನ್ರಿ," ಎಂದ. "ತಿಳೀಲಿಲ್ಲ."

ಅಂಥ ಉಂಗುರ ಉಸ್ತಾದರ ಬಳಿ ಇರಲಿಲ್ಲ. ಕಪನೂರಿನಲ್ಲಿ ಯಂತ್ರಗಳ ರಬ್ಬರ್ ಸಾಮಾನು ಮಾರುವ ಒಂದು ಅಂಗಡಿಗೆ ಚೀಟಿ ಕೊಟ್ಟು ಕಳಿಸಿದರು. ಆಟೋದಲ್ಲಿ ಹೋದೆವು. ಕಬ್ಬಿಣ ಕೊರೆಯುವ ಸದ್ದು, ಕಾದ ರಬ್ಬರಿನ ವಾಸನೆ. ಅಂಗಡಿಯವ ತುಂಡಾದ ಉಂಗುರವನ್ನು ಜೋಡಿಸಿಟ್ಟು, ಡಬ್ಬಿಯಲ್ಲಿದ್ದವುಗಳ ಮೇಲೆ ಒಂದೊಂದಾಗಿ ಇಟ್ಟು ನೋಡಿ, ಬಿಸಿ ತಡೆಯುವಂಥದ್ದನ್ನು ಆರಿಸಿ ಕೊಟ್ಟ. ಮೋಮಿನಪುರಕ್ಕೆ ಮರಳುವಷ್ಟರಲ್ಲಿ ಉಸ್ತಾದರು ಕೊಳವೆಯನ್ನು ತಿಕ್ಕಿ ಕನ್ನಡಿ ಮಾಡಿದ್ದರು. ಉಂಗುರ ಕೂಡಿಸಿದರು. ಬಂದೂಕಿನ ಎಣ್ಣೆಯ ಪುಟ್ಟ ಸೀಸೆಯೊಂದನ್ನು ಮುತ್ಯಾನ ಕೈಗಿಟ್ಟರು.

"ಒಂದು ಹನಿ. ಇದೇ ಎಣ್ಣಿ. ಬ್ಯಾರೆ ನಕ್ಕೋ, ಬ್ಯಾಡೇ ಬ್ಯಾಡ. ಖರೆ ಇಲ್ಲಿ ಓಣ್ಯಾಗ ಹೊಡೆದು ನೋಡಾಕ ಆಗಲ್ರಿ. ನಿಮ್ಮ ತ್ವಾಟದಾಗೇ ಗೊತ್ತಾಗಬೇಕು."

ಅದು ಕೇಳಿ ನಾನು ಅಳತೊಡಗಿದೆ. ಅಷ್ಟು ದೂರ ಬಂದು, ಎರಡನೆಯ ಸದ್ದು ಬರುತ್ತದೋ ಇಲ್ಲವೋ ತಿಳಿಯದೆ ಜೇವರ್ಗಿ ಕಾಲೋನಿಯಲ್ಲಿ ಹೇಗೆ ಮಲಗುವುದು? ಮುತ್ಯಾ ಅಪ್ಪನ ಕಚೇರಿಗೆ ಫೋನು ಮಾಡಿದ. ಮತ್ತೊಂದು ದಿನ ಇರಲು ಅಪ್ಪ ಒಪ್ಪಿದರು.

ಮರಳುವ ಬಸ್ಸಿನಲ್ಲಿ ಕೇಳಿದೆ. "ನೀ ಹಾಕಿಲ್ಲಲ್ಲ ಮುತ್ಯಾ. ಯಾಕ ಹಂಗಂದಿ?"

ಅವನು ಕಿಟಕಿಯ ಹೊರಗೆ ನೋಡಿದ. ತೊಗರಿ ಹೊಲಗಳು ಹೂ ಬಿಟ್ಟಿದ್ದವು.

"ಬಂದೂಕ ಮನೀಗಿ ಬಂದ ದಿನ ನಿಮ್ಮ ಆಯಿ ಊಟ ಬಿಟ್ಟಳು," ಎಂದ. "ಎಷ್ಟು ಹೇಳಿದ್ರೂ ಕೇಳವಲ್ಲಳು. ಕಡೀಕ ತಾನೇ ಎದ್ದು ಬಂದು ಅದಕ್ಕ ಎಣ್ಣಿ ಹಚ್ಚಿದಳು, ಕುಂಕುಮ ಇಟ್ಟಳು, ಆಮ್ಯಾಲೆ ಉಂಡಳು. ಆ ಎಣ್ಣಿ ಬಂದೂಕಿಗಲ್ಲ ಮಗಾ. ಅಕಿ ಜೀವಕ್ಕ. ಇಷ್ಟು ವರ್ಷ ಯಾರಿಗೂ ಏನೂ ಆಗಿಲ್ಲಂದ್ರ ತನ್ನ ಎಣ್ಣೀಲೇ ಅಂತ ತಿಳದಾಳ. ನಿನ್ನ ಎಣ್ಣೀಲೇ ಇದು ಕೆಟ್ಟದ ಅಂತ ನಾ ಹೆಂಗ ಹೇಳ್ಲಿ?"

"ಕಾಕಾ ನಿನ್ನ ಭುಜ ಅಂತಾನಲ್ಲ?"

"ಅನ್ಲಿ ಬಿಡು. ನನಗ ಗೊತ್ತಾತಲ್ಲ, ಸಾಕು. ಆಯಿ ಮುಂದ ನೀ ಹೇಳಬ್ಯಾಡ."

ಮನೆ ಮುಟ್ಟಿದಾಗ ಹೊತ್ತು ಇಳಿಯುತ್ತಿತ್ತು. ಕಾಕಾ ಅಂಗಳದಲ್ಲೇ ಕಾಯುತ್ತಿದ್ದ. ಆಯಿ ಹೊಸ್ತಿಲಲ್ಲಿ.

"ಏನಂದ ಉಸ್ತಾದ?"

"ರಬ್ಬರಿನ ಉಂಗುರ ಸವೆದಿತ್ತು. ಹೊಸಾದು ಹಾಕ್ಯಾರ."

"ಅದು ಸುಮ್ಮ ಸುಮ್ಮನ ಹೆಂಗ ಸವೀತದ? ಸೊಟ್ಟ ಹಿಡದೀದಿ, ಸವೆದದ. ತಿರುಗಿ ಭುಜಕ್ಕೇ ಬಂತು ನೋಡು," ಎಂದ ಕಾಕಾ.

ಮುತ್ಯಾ ಬಂದೂಕಿಗೆ ಸುತ್ತಿದ್ದ ಕೌದಿಗೆ ಕೈ ಹಾಕಿದ. ಅಷ್ಟರಲ್ಲಿ ಆಯಿ ಒಳಗೆ ಹೋದವಳು ಹೊರಗೆ ಬಂದಳು. ಕೈಯಲ್ಲಿ ಕುಸುಬಿ ಎಣ್ಣೆಯ ಗಿಂಡಿ.

"ಹೊಸಾ ಸಾಮಾನು ಕೂಡಿಸ್ಯಾರಂದ್ರ ಹಂಗೇ ವಯ್ಯಬಾರದು," ಎಂದಳು. "ಬಿಚ್ಚ್ರಿ, ಜರಾ ಎಣ್ಣಿ ಹಚ್ಚತೀನಿ. ಈ ಸಲ ಪೂಜಾದಾಗ ನಾನೇ ಕಡಿಮಿ ಹಚ್ಚಿದ್ನೋ ಏನೋ. ಅದಕ್ಕೇ ಮುನಿಸಿಕೊಂಡದ."

ಕೌದಿ ಬಿಚ್ಚುತ್ತಿದ್ದ ಮುತ್ಯಾನ ಕೈ ನಿಂತಿತು. ನಾನು ಅವನ ಮುಖ ನೋಡಿದೆ. ಬೇಡ ಎಂದರೆ ಯಾಕೆ ಎಂದು ಹೇಳಬೇಕು. ಹಚ್ಚು ಎಂದರೆ ಹೊಸ ಉಂಗುರವೂ ಹೋಗುತ್ತದೆ, ಅದರ ಜೊತೆಗೆ ಅವನ ಸಂಜೆಗಳೂ. ಆಯಿ ಗಿಂಡಿ ಹಿಡಿದು ಮುಂದೆ ನಿಂತಿದ್ದಳು.

ಮುತ್ಯಾ ಬಂದೂಕನ್ನು ಕಟ್ಟೆಯ ಮೇಲಿಟ್ಟ. ಅಂಗಿಯ ಗುಂಡಿ ಬಿಚ್ಚಿದ. ಬಲಗಡೆಯ ಭುಜವನ್ನು ಬರಿದು ಮಾಡಿ ಆಯಿಯ ಮುಂದೆ ಕುಳಿತುಬಿಟ್ಟ.

"ಅದಕ್ಕ್ಯಾಕ ಹಚ್ಚತಿ? ಇದಕ್ಕ ಹಚ್ಚು," ಎಂದ. "ತಪ್ಪು ಭುಜದ್ದು ಅಂತ ನಿನ್ನ ಮಗ ಊರಿಗೆಲ್ಲ ಸಾರ್ಯಾನ. ಭುಜ ಪಳಗಿದ್ರ ಬಂದೂಕ ತಾನೇ ಪಳಗ್ತದ."

ಕಾಕಾ ನಗತೊಡಗಿದ. ಆಯಿ ಸೆರಗು ಬಾಯಿಗೆ ಅಡ್ಡ ಹಿಡಿದಳು.

"ನಾಚಿಕಿ ಇಲ್ಲೇನು ನಿಮಗ? ಮಕ್ಕಳ ಮುಂದ..."

"ಹೊತ್ತು ಮುಳಗ್ಲಾಕತ್ತದ. ಹಂದಿ ನಿನ್ನ ನಾಚಿಕಿ ಮುಗೀಲಿ ಅಂತ ಕಾಯ್ತಾವೇನು?"

ಆಯಿ ಗಿಂಡಿಯಲ್ಲಿ ಬೆರಳದ್ದಿದಳು. ಬಂದೂಕಿನ ಸಾಮಾನನ್ನು ಸವರುತ್ತಿದ್ದ ಹಾಗೆಯೇ, ಕೂಸಿಗೆ ಒತ್ತುವ ಹಾಗೆ, ಆ ಎಲುಬು ಎದ್ದ ಭುಜವನ್ನು ಸವರಿದಳು. ಮೊದಲು ಅವಸರದಿಂದ, ಆಮೇಲೆ ನಿಧಾನವಾಗಿ. ಅವಳ ತುಟಿ ಅಲುಗುತ್ತಿತ್ತು. ಬಂದೂಕಿಗೆ ಹೇಳುವ ಮಾತನ್ನೇ ಹೇಳುತ್ತಿದ್ದಳೆಂದು ಕಾಣುತ್ತದೆ. ಮುತ್ಯಾ ಕಣ್ಣು ಮುಚ್ಚಿ ಕುಳಿತಿದ್ದ. ಅವರಿಬ್ಬರೂ ಒಬ್ಬರನ್ನೊಬ್ಬರು ಮುಟ್ಟಿದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಅವನು ಅಂಗಿ ಏರಿಸಿಕೊಂಡು ಬಂದೂಕು ಹಿಡಿದು ಹೋದ. ಅಂಗಿಯ ಭುಜದ ಮೇಲೆ ಎಣ್ಣೆಯ ಕಲೆ ಮೂಡಿತ್ತು. ನಾವು ಮೂವರೂ ಅಂಗಳದಲ್ಲಿ ನಿಂತೆವು. ಮೊದಲ ಸದ್ದು ಬಂತು. ಅದರ ಬೆನ್ನಿಗೇ, ಉಸಿರೆಳೆಯಲೂ ಬಿಡದೆ, ಎರಡನೆಯದು.

ನಾನು ಕುಣಿದಾಡಿದೆ. ಆಯಿ ಕುಣಿಯುವವಳಲ್ಲ. ಒಳಗೆ ಹೋಗಿ ಹಂಚು ಇಟ್ಟಳು.

"ನೋಡಿದ್ಯಾ?" ಎಂದಳು ಒಲೆಯ ಮುಂದಿನಿಂದಲೇ, ಕಾಕಾನಿಗೆ. "ಉಸ್ತಾದಗ ಏನು ಗೊತ್ತು! ಎಣ್ಣಿ ಭುಜಕ್ಕ ಬೇಕಾಗಿತ್ತು."

ಮುಂದಿನ ವರ್ಷದಿಂದ ಖಂಡೇ ಪೂಜೆಯಲ್ಲಿ ಬಂದೂಕಿಗೆ ವಿಭೂತಿ, ಕುಂಕುಮ, ಹೂ ಮಾತ್ರ. ಎಣ್ಣೆ ಮುತ್ಯಾನ ಭುಜಕ್ಕೆ. ಹೀಗೆಂದು ಯಾರೂ ಗೊತ್ತುಮಾಡಲಿಲ್ಲ. ಆಯಿ ಗಿಂಡಿ ತಂದಾಗ ಮುತ್ಯಾ ಅಂಗಿಯ ಗುಂಡಿ ಬಿಚ್ಚಿ ಕೂರುತ್ತಿದ್ದ, ಅಷ್ಟೇ. ಉಸ್ತಾದರ ಸೀಸೆಯನ್ನು ಅವನು ತೋಟದ ಪಂಪಿನ ಕೋಣೆಯಲ್ಲಿ ಇಟ್ಟುಕೊಂಡಿದ್ದ. ಲೈಸೆನ್ಸ್ ಅರ್ಜಿಯ ಮಾತನ್ನು ಕಾಕಾ ಮತ್ತೆ ಎತ್ತಲಿಲ್ಲ. ಮನೆಗೆ ಬಂದ ಬೀಗರಿಗೆಲ್ಲ ಆಯಿ ಈ ಕಥೆ ಹೇಳುತ್ತಿದ್ದಳು, ತನ್ನ ಎಣ್ಣೆಯಿಂದ ಬಂದೂಕು ಹೇಗೆ ದಾರಿಗೆ ಬಂತು ಎಂದು. ಮುತ್ಯಾ ಪಕ್ಕದಲ್ಲಿ ಕುಳಿತು ಹೂಂಗುಟ್ಟುತ್ತಿದ್ದ. ಒಮ್ಮೆಯೂ ತಿದ್ದಲಿಲ್ಲ. ನಾನೂ ತಿದ್ದಲಿಲ್ಲ.

ಮುತ್ಯಾ ಹೋದ ಮೇಲೆ ಬಂದೂಕನ್ನು ಠಾಣೆಗೆ ಒಪ್ಪಿಸಿದರು. ಈಗ ತೋಟದ ಸುತ್ತ ಬಿಸಿಲಿನಿಂದ ನಡೆಯುವ ಕರೆಂಟಿನ ತಂತಿ ಇದೆ. ಹಂದಿಗಳು ಅದನ್ನು ಮೂಸಿ ತಿರುಗಿ ಹೋಗುತ್ತವಂತೆ. ಕಮಲಾಪುರದ ಸಂಜೆಗಳು ನಿಶ್ಶಬ್ದವಾಗಿವೆ. ಯಾವ ಮನೆಯ ರೊಟ್ಟಿಯೂ ಯಾವ ಸದ್ದಿಗೂ ಕಾಯುವುದಿಲ್ಲ. ಮುತ್ಯಾ ಹೋದ ಕೆಲವು ವರ್ಷಗಳ ನಂತರ ಆಯಿಯೂ ಹೋದಳು. ಕಡೆಯವರೆಗೂ ಆ ಕಥೆಯನ್ನು ತನ್ನ ರೀತಿಯಲ್ಲೇ ಹೇಳಿಕೊಂಡು ಹೋದಳು.

ಕಳೆದ ದಸರೆಗೆ ಊರಿಗೆ ಹೋದಾಗ ಕಾಕಾನಿಗೆ ನಿಜ ಹೇಳಿದೆ. ಅವನಿಗೂ ಈಗ ವಯಸ್ಸಾಗಿದೆ. ಮೆಟ್ಟಿಲು ಹತ್ತುವಾಗ ಗೋಡೆ ಹಿಡಿಯುತ್ತಾನೆ. ಉಂಗುರ, ಕಂದುಬಣ್ಣದ ಪದರು, ನನ್ನ ನೆತ್ತಿಯ ಮೇಲಿನ ಕೈ, ಎಲ್ಲವನ್ನೂ ಕೇಳಿಸಿಕೊಂಡ.

"ಅವ್ವಗ ಗೊತ್ತಾಗಿತ್ತೇನು?" ಎಂದು ಕೇಳಿದ.

"ಇಲ್ಲ ಕಾಕಾ."

"ಛಲೋ ಆತು," ಎಂದ.

ಈಗ ಈ ಮಾತನ್ನು ಯಾರ ಮುಂದೆ ಬೇಕಾದರೂ ಹೇಳಬಹುದು. ಕೇಳಿ ನೊಂದುಕೊಳ್ಳುವವರು ಯಾರೂ ಉಳಿದಿಲ್ಲ.